ಎಲುಬಿನ ಲೆಕ್ಕ

ಮತ್ತೆ ಹತ್ತೊಂಬತ್ತೇ ಬಂತು.

ತೇಜಸ್ವಿನಿ ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಅವಳ ಬೆನ್ನ ಹಿಂದೆ ನಿಂತಿದ್ದ ನೀಲಕ್ಕ ಪರದೆಯನ್ನೇ ದುರುಗುಟ್ಟಿಕೊಂಡು ನೋಡಿದಳು. ಅವಳು ಹೀಗೆ ದುರುಗುಟ್ಟಿದ್ದಕ್ಕೇ ಬಾಯಿಬಿಟ್ಟ ಕಳ್ಳರುಂಟು. ಅಂಕಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

“ಇನ್ನೊಂದ್ಸಲ ಓಡ್ಸಮ್ಮ.”

“ಎಷ್ಟ್ ಸಲ ಓಡ್ಸಿದ್ರೂ ಅಷ್ಟೇ ಅಕ್ಕ. ಬಾಲ್ ಬಿಡೋ ಹೊತ್ಗೆ ಮೊಣಕೈ ಹತ್ತೊಂಬತ್ತು ಡಿಗ್ರಿ ನೆಟ್ಟಗಾಗಿದೆ. ಹದಿನೈದು ದಾಟಿದ್ರೆ ಅದು ಬೌಲಿಂಗ್ ಅಲ್ಲ, ಥ್ರೋ. ನಾನು ವರದಿಗೆ ಸಹಿ ಹಾಕಿದ್ದೂ ಇದನ್ನ ನೋಡ್ಕೊಂಡೇ.”

ಆ ಒಂದು ಸಹಿಯಿಂದ ಆರ್.ಟಿ. ನಗರದ ಆಫ್‌ಸ್ಪಿನ್ನರ್ ಜೈನಾಬ್ ರಾಜ್ಯದ ಹೆಣ್ಣುಮಕ್ಕಳ ಕ್ಯಾಂಪಿನಿಂದ ಹೊರಬಿದ್ದಿದ್ದಳು. ಇವತ್ತು ಸಂಜೆ ಐದರೊಳಗೆ ವರದಿ ಸುಳ್ಳೆಂದು ಸಾಬೀತಾದರೆ ಹುಡುಗಿ ಮತ್ತೆ ಒಳಗೆ. ಇಲ್ಲದಿದ್ದರೆ ‘ಕೈ ಸೊಟ್ಟ’ ಎಂಬ ಹಣೆಪಟ್ಟಿ ಜನ್ಮಪೂರ್ತಿ.

ಪೊಲೀಸ್ ಕೆಲಸ ಬಿಟ್ಟು ಕೊಡಿಗೇಹಳ್ಳಿಯ ಬೇಕರಿಯೊಂದರ ಮೇಲೆ ಪತ್ತೇದಾರಿ ಕಚೇರಿ ತೆರೆದ ನೀಲಕ್ಕ, ಕಳೆದ ಸರ ಹುಡುಕಿಕೊಟ್ಟಿದ್ದಳು, ಓಡಿಹೋದ ಗಂಡಂದಿರನ್ನು ಕಿವಿ ಹಿಡಿದು ಎಳೆತಂದಿದ್ದಳು. ನಾಲ್ಕು ಡಿಗ್ರಿ ಹೆಚ್ಚಾಯಿತು ಎಂಬ ದೂರು ಅವಳ ಆಯುಸ್ಸಿನಲ್ಲಿ ಇದೇ ಮೊದಲು.

ಯಲಹಂಕ ಉಪನಗರದ ಈ ಲ್ಯಾಬು ಭಾನುವಾರವಾದ್ದರಿಂದ ಖಾಲಿ ಹೊಡೆಯುತ್ತಿತ್ತು. ಉದ್ದನೆಯ ಹಾಲು, ನೆಲಕ್ಕೆ ಹಸಿರು ಚಾಪೆ, ನಾಲ್ಕೂ ಗೋಡೆಗಳ ಮೇಲಿಂದ ಕೆಂಪು ಕಣ್ಣು ಬಿಡುವ ಕ್ಯಾಮೆರಾಗಳು. ಬೌಲರ್‌ಗಳ ಭುಜ, ಮೊಣಕೈ, ಮಣಿಕಟ್ಟಿಗೆ ಬೆಳ್ಳಿಬಣ್ಣದ ಸಣ್ಣ ಗುಂಡುಗಳನ್ನು ಅಂಟಿಸಿ ಇಲ್ಲಿ ಓಡಿಸುತ್ತಾರೆ. ಕ್ಯಾಮೆರಾಗಳಿಗೆ ಕಾಣುವುದು ಆ ಗುಂಡುಗಳು ಮಾತ್ರ.

ಒಂದು ವಾರದಿಂದ ನೀಲಕ್ಕನ ಅನುಮಾನವೆಲ್ಲ ಈ ತೇಜಸ್ವಿನಿಯ ಮೇಲೆಯೇ ಇತ್ತು. ಸಹಿ ಅವಳದು, ಲೆಕ್ಕ ಅವಳದು. ಬೆಳಗ್ಗೆ ಬಾಗಿಲು ತೆಗೆಸಿದ್ದೂ ಆ ಅನುಮಾನದಿಂದಲೇ. ಆದರೆ ಅವಳು ಕೆಲಸ ಮಾಡುವುದನ್ನು ಪಕ್ಕದಲ್ಲಿ ಕೂತು ನೋಡಿದ ಮೇಲೆ ಅನುಮಾನದ ಜಾಗದಲ್ಲಿ ಬೇರೇನೋ ಬಂದು ಕೂತಿತ್ತು.

“ಈ ಹತ್ತೊಂಬತ್ತನ್ನ ಮೆಷಿನ್ ತಾನಾಗೇ ಯೋಳ್ತದಾ, ನೀನು ಯೋಳಿಸ್ತೀಯಾ?” ಎಂದು ಆಗ ಕೇಳಿದ್ದಳು.

“ನಾನೇ ಹೇಳಿಸ್ಬೇಕು ಅಕ್ಕ. ಅದಕ್ಕೆ ಕೈ ಅಂದ್ರೇನು ಗೊತ್ತಿಲ್ಲ, ಮೊಣಕೈ ಅಂದ್ರೇನು ಗೊತ್ತಿಲ್ಲ. ಚುಕ್ಕಿ ಮಾತ್ರ ಗೊತ್ತು. ಯಾವ ಚುಕ್ಕಿಯಿಂದ ಯಾವ ಚುಕ್ಕಿ ಕಳೀಬೇಕು, ಯಾವ ಕ್ಷಣದಿಂದ ಯಾವ ಕ್ಷಣದ ತನಕ ನೋಡ್ಬೇಕು, ಎಲ್ಲಾ ಒಂದೊಂದ್ ಸಾಲಾಗಿ ಬರ್ಕೊಡ್ಬೇಕು. ಎಕ್ಸ್‌ಪ್ರೆಶನ್ ಅಂತೀವಿ.”

ಹಾಗೆನ್ನುತ್ತ ಬರೆಯತೊಡಗಿದ್ದಳು. ತೋಳು ನೆಲಕ್ಕೆ ಸಮನಾದ ಕ್ಷಣವನ್ನು ಹಿಡಿಯಲು ಒಂದು ಸಾಲು. ಚೆಂಡು ಬೆರಳು ಬಿಟ್ಟ ಕ್ಷಣಕ್ಕೆ ಇನ್ನೊಂದು. ಆ ಎರಡರ ನಡುವೆ ಮೊಣಕೈ ಎಷ್ಟು ಬಾಗಿತ್ತು, ಎಷ್ಟು ನೆಟ್ಟಗಾಯಿತು, ದೊಡ್ಡದರಿಂದ ಸಣ್ಣದನ್ನು ಕಳೆ. ಬೆರಳು ತಡವರಿಸಲಿಲ್ಲ, ಆವರಣ ಚಿಹ್ನೆ ಒಂದೂ ತಪ್ಪಲಿಲ್ಲ. ನೀಲಕ್ಕನ ತಾಯಿ ಹೀಗೆಯೇ ಅಂಗಳದಲ್ಲಿ ಚುಕ್ಕಿ ಇಟ್ಟು, ಮನಸ್ಸಿನಲ್ಲೇ ಎಳೆ ಎಳೆದುಕೊಂಡು, ಆಮೇಲೆ ಒಂದೇ ಉಸಿರಿಗೆ ರಂಗೋಲಿ ಮುಗಿಸುತ್ತಿದ್ದಳು. ಎಂಥ ಕೈಯಪ್ಪ ಇವಳದು ಎಂದು ನೀಲಕ್ಕನಿಗೆ ನಿಜಕ್ಕೂ ಸಂತೋಷವಾಗಿತ್ತು. ಅನುಮಾನ ಪಡಬೇಕಾದವರ ಮೇಲೆ ಸಂತೋಷ ಪಡುವುದು ಪತ್ತೇದಾರರಿಗೆ ಒಳ್ಳೆಯದಲ್ಲ, ಆ ಮಾತು ಬೇರೆ.

ಸಂತೋಷ ಏನೇ ಇರಲಿ, ಬಂದದ್ದು ಹತ್ತೊಂಬತ್ತು.

“ಮೂರನೇ ಸಾಲಲ್ಲಿ ಒಂದು ಸೊನ್ನೆ ಕೂರ್ಸಿದ್ದೀಯಲ್ಲ, ಅದ್ಯಾಕೆ?” ನೀಲಕ್ಕ ಪರದೆಯತ್ತ ಬೆರಳು ತೋರಿಸಿದಳು.

“ಕೆಲವರ ಮೊಣಕೈ ನೆಟ್ಟಗಾದ್ಮೇಲೂ ಇನ್ನೂ ಹಿಂದಕ್ಕೆ ಬಾಗುತ್ತೆ ಅಕ್ಕ, ಹುಟ್ಟಿನಿಂದಲೇ. ಅದು ತಪ್ಪಲ್ಲ, ಲೆಕ್ಕಕ್ಕೆ ಹಿಡಿಯೋ ಹಾಗಿಲ್ಲ. ಅದಕ್ಕೇ ನೆಟ್ಟಗಾದ್ಮೇಲೆ ಎಷ್ಟೇ ಹಿಂದಕ್ಕೆ ಹೋದ್ರೂ ಸೊನ್ನೆ ಅಂತಲೇ ಇಟ್ಕೋ ಅಂತ ಬರೆದಿದೀನಿ. ಇದನ್ನ ಬಿಟ್ಟಿದ್ರೆ ಅನ್ಯಾಯವಾಗಿ ಡಿಗ್ರಿ ಜಾಸ್ತಿ ತೋರಿಸ್ತಿತ್ತು.”

“ಅದನ್ನ ತೆಗೆದು ಒಂದ್ಸಲ ಓಡ್ಸು.”

ಓಡಿಸಿದಳು. ಆಗಲೂ ಹತ್ತೊಂಬತ್ತೇ.

ನೀಲಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು ಎರಡೂ ಅಂಕಿಗಳನ್ನು ಹೋಲಿಸಿ ನೋಡಿದಳು. ಆಮೇಲೆ ಬಾಗಿಲ ಕಡೆ ತಿರುಗಿ, “ಜೈನಾಬ್, ಒಳಗ್ ಬಾಮ್ಮ,” ಎಂದು ಕರೆದಳು.

ಹೊರಗಿನ ಬೆಂಚಿನ ಮೇಲೆ ಕಿಟ್ ಬ್ಯಾಗು ತಬ್ಬಿಕೊಂಡು ಕೂತಿದ್ದ ಹುಡುಗಿ ಬಂದಳು. ತೇಜಸ್ವಿನಿಯ ಮುಖ ನೋಡಲಿಲ್ಲ. ನೋಡಬೇಕೆಂದು ಯಾರೂ ಹೇಳುವಂತೆಯೂ ಇರಲಿಲ್ಲ.

“ಬೌಲ್ ಮಾಡೋ ಕೈ ಮುಂದಕ್ ಚಾಚು. ಅಂಗೈ ಮೇಲ್ಮಾಡು.”

ಜೈನಾಬ್ ಚಾಚಿದಳು. ಮೊಣಕೈ ನೆಟ್ಟಗಾಗಿ ಅಲ್ಲಿಗೇ ನಿಲ್ಲದೆ, ಕೆಳಕ್ಕೆ ಜೋತುಬಿದ್ದಂತೆ ಹಿಂದಕ್ಕೆ ಬಾಗಿತು.

“ಚಿಕ್ಕವಳಿಂದ ಹಿಂಗೇ ನೀಲಕ್ಕ,” ಅಂದಳು ಜೈನಾಬ್. “ಸ್ಕೂಲಲ್ಲಿ ರಬ್ಬರ್ ಕೈ ಅಂತಿದ್ರು. ಆದ್ರೆ ನಾನು ಥ್ರೋ ಮಾಡಲ್ಲ. ಅಬ್ಬಾ ಮೇಲಾಣೆ, ಮಾಡಲ್ಲ.”

“ಗೊತ್ತಾಯ್ತು ಬಿಡು. ಓಗಿ ಕೂತ್ಕೋ. ಏನಾದ್ರೂ ತಿನ್ನು ಮೊದ್ಲು.”

ಹುಡುಗಿ ಹೋದ ಮೇಲೆ ನೀಲಕ್ಕ ಸ್ಟೂಲು ಎಳೆದುಕೊಂಡು ತೇಜಸ್ವಿನಿಯ ಎದುರಿಗೇ ಕೂತಳು.

“ಈಗ ಯೋಳು. ಆ ಕೈ ಇಂಗೆ ಹಿಂದಕ್ಕೆ ಬಾಗ್ತದೆ. ನಿನ್ ಸೊನ್ನೆ ಇದ್ರೆ ಒಂದಂಕಿ, ಇಲ್ದಿದ್ರೆ ಇನ್ನೂ ದೊಡ್ಡಂಕಿ ಬರ್ಬೇಕಿತ್ತು. ಎರಡಕ್ಕೂ ಒಂದೇ ಬಂತು. ಅಂದ್ರೆ ನಿನ್ ಪರದೆ ಮೇಲಿರೋ ಕೈ ಹಿಂದಕ್ಕೆ ಬಾಗೋದೇ ಇಲ್ಲ.”

ತೇಜಸ್ವಿನಿ ತಟಕ್ಕನೆ ಪರದೆಯತ್ತ ತಿರುಗಿದಳು. ಕಿವಿಯ ಹಿಂದೆ ಕೂದಲು ಸಿಕ್ಕಿಸಿಕೊಂಡಳು. ಆಮೇಲೆ ಅವಳು ಮಾತಾಡಿದ್ದು ನೀಲಕ್ಕನ ಜೊತೆಗೋ ತನ್ನ ಜೊತೆಗೋ ಹೇಳುವುದು ಕಷ್ಟ.

“ಎಲುಬಿನ ಸಾಲು ಎಲ್ಲಿ?”

“ಏನದು?”

“ಪ್ರತಿ ಸಲ ಕೊನೇಲಿ ನಾನೊಂದು ಸಾಲು ಓಡಿಸ್ತೀನಿ ಅಕ್ಕ. ಭುಜದ ಚುಕ್ಕಿಯಿಂದ ಮೊಣಕೈ ಚುಕ್ಕಿಗೆ ಎಷ್ಟು ದೂರ ಅಂತ. ಎಲುಬು ಎರಡು ಬಾಲ್ ಮಧ್ಯೆ ಉದ್ದ ಆಗಲ್ಲ, ಗಿಡ್ಡ ಆಗಲ್ಲ. ಆದ ಹಾಗೆ ಕಂಡ್ರೆ ಏನೋ ಎಡವಟ್ಟಾಗಿದೆ ಅಂತ ಗೊತ್ತಾಗುತ್ತೆ. ಆ ಸಾಲು ತಾನಾಗೇ ಓಡೋ ಹಾಗೆ ಇಟ್ಟಿದ್ದೆ. ಈಗ ಇಲ್ಲ. ಯಾರೋ ತೆಗೆದುಬಿಟ್ಟಿದಾರೆ. ಅದು ಓಡಿಲ್ಲ ಅಂತ್ಲೇ ನನಗೆ ಗೊತ್ತಾಗಿಲ್ಲ ನೋಡಿ.”

“ತೆಗೆದ್ರೆ ಏನಂತೆ, ಮತ್ತೆ ಬರಿ.”

ಬರೆದಳು. ಈ ಸಲ ಬಾಯಲ್ಲೂ ಹೇಳಿಕೊಂಡೇ ಬರೆದಳು. ಭುಜದಿಂದ ಮೊಣಕೈ ಕಳೆ. ಅಡ್ಡಕ್ಕೊಂದು, ಉದ್ದಕ್ಕೊಂದು, ಎತ್ತರಕ್ಕೊಂದು. ಮೂರನ್ನೂ ವರ್ಗ ಮಾಡು, ಕೂಡು, ವರ್ಗಮೂಲ ತೆಗೆ. ಶಾಲೆಯಲ್ಲಿ ನೀಲಕ್ಕ ಈ ವರ್ಗಮೂಲ ಬಂದ ದಿನವೇ ಹೊಟ್ಟೆನೋವು ಅಂತ ರಜೆ ಹಾಕಿದವಳು. ಅದೇ ವರ್ಗಮೂಲ ಇವತ್ತು ಸಾಕ್ಷಿ ಹೇಳಲು ಕಟಕಟೆ ಹತ್ತುತ್ತಿರುವುದನ್ನು ಅವಳು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು.

“ಓಡಿಸೋಕ್ ಮುಂಚೆ ಎಲ್ಲರನ್ನೂ ಒಂದ್ಸಲ ಸುಮ್ನೆ ನಿಲ್ಲಿಸಿ ರೆಕಾರ್ಡ್ ಮಾಡ್ತೀವಿ ಅಕ್ಕ. ನಿಂತ ಫೈಲು. ಜೈನಾಬ್‌ದು ಇಲ್ಲಿದೆ, ನೋಡಿ. ತೋಳು ಇಪ್ಪತ್ತೆಂಟು ಸೆಂಟಿಮೀಟರ್.”

“ಸರಿ.”

“ಇದು ಬೌಲ್ ಮಾಡಿದ ಫೈಲು.” ಅವಳು ಗುಂಡಿ ಒತ್ತಿದಳು. “ಮೂವತ್ತೊಂದು.”

ನೀಲಕ್ಕ ಬ್ಯಾಗಿನಿಂದ ಪೆನ್ನು ತೆಗೆದು ಎರಡು ಅಂಕಿಗಳನ್ನೂ ಅಂಗೈ ಮೇಲೆ ಗೀಚಿಕೊಂಡು, ಪೆನ್ನನ್ನು ಮತ್ತೆ ಬ್ಯಾಗಿಗೆ ತುರುಕಿದಳು.

“ಚರ್ಮ ಜರುಗುತ್ತೆ, ಅರ್ಧ ಸೆಂಟಿಮೀಟರ್ ಆಚೀಚೆ ಆಗ್ಬೋದು,” ಅಂದಳು ತೇಜಸ್ವಿನಿ. “ಮೂರು ಆಗಲ್ಲ. ನಿಂತ ಫೈಲು ಜೈನಾಬ್‌ದು, ಓಡಿದ ಫೈಲು ಇನ್ಯಾರದೋ. ಸಾಫ್ಟ್‌ವೇರು ಪರದೆ ಮೇಲೆ ಬಿಡಿಸೋ ಅಸ್ಥಿಪಂಜರಕ್ಕೆ ಅಳತೆ ತಗೊಳ್ಳೋದು ನಿಂತ ಫೈಲಿಂದ. ಅದಕ್ಕೇ ನೋಡೋಕೆ ಎಲ್ಲಾ ಸರಿಯಾಗೇ ಇತ್ತು. ಓಡಿದ್ದನ್ನ ಬದಲಾಯಿಸಿದವರು ನಿಂತಿದ್ದನ್ನ ಬದಲಾಯಿಸೋಕೆ ಮರ್ತಿದಾರೆ ಅಕ್ಕ. ನನ್ನ ಲೆಕ್ಕ ತಪ್ಪಿಲ್ಲ. ಬೇರೆಯವರ ಕೈ ಬಗ್ಗೆ ಸತ್ಯ ಹೇಳಿದೆ, ಅಷ್ಟೇ.”

ನೀಲಕ್ಕ ಎದ್ದು ಅವಳ ತಲೆ ನೇವರಿಸಿದಳು. ಪತ್ತೇದಾರರು ಹೀಗೆ ಮಾಡಬಾರದು. ಮಾಡಿದಳು.

“ಭಾನುವಾರ ಲ್ಯಾಬಿಗೆ ಬೀಗ ಇರುತ್ತೆ ಅಂದ್ಕೊಂಡಿದ್ದೆ.”

ಬಾಗಿಲಲ್ಲಿ ಡಾಕ್ಟರ್ ಮಹೇಂದ್ರ ನಿಂತಿದ್ದ. ಲ್ಯಾಬಿನ ಯಜಮಾನ. ಇಸ್ತ್ರಿ ಮಡಿಕೆ ಕದಲದ ಅಂಗಿ, ಕೈಯಲ್ಲಿ ಕಾರಿನ ಕೀ. ಸಿಟ್ಟು ಬಂದಿದ್ದರೂ ದನಿ ಏರಿಸದ ಜಾತಿಯ ಮನುಷ್ಯ. ಅಂಥವರನ್ನು ಕಂಡರೆ ನೀಲಕ್ಕನಿಗೆ ಆಗುವುದಿಲ್ಲ. ಕೂಗಾಡುವವರೇ ಎಷ್ಟೋ ವಾಸಿ.

“ಬೀಗ ಇತ್ತು ಡಾಕ್ಟ್ರೇ. ನಿಮ್ಮುಡುಗಿ ಕೈಲೇ ತೆಗೆಸ್ದೆ. ಬನ್ನಿ, ನಿಮ್ಗೇ ಕಾಯ್ತಿದ್ದೆ. ಜೈನಾಬ್ ಹೆಸರಲ್ಲಿ ಬೇರೆಯವರ ಕೈ ಕೂರ್ಸಿದಾರೆ ನಿಮ್ ಲ್ಯಾಬಲ್ಲಿ.”

ಮಹೇಂದ್ರ ನಿಧಾನವಾಗಿ ಬಂದು ಮೇಜಿನ ಆಚೆ ಬದಿಗೆ ನಿಂತ. ತೇಜಸ್ವಿನಿ ಇಪ್ಪತ್ತೆಂಟು, ಮೂವತ್ತೊಂದು ಎರಡನ್ನೂ ಹೇಳಿದಳು. ಅವನು ಅವಳತ್ತ ಬಗ್ಗಿದ.

“ಎಲುಬಿನ ಸಾಲಿಂದ ಹಿಡಿದ್ಯಾ?”

“ಹೌದು ಸರ್. ಅದನ್ನ ಯಾರೋ ತೆಗೆದಿದ್ರು.”

“ಮೇಡಂ, ಎಕ್ಸ್‌ಪ್ರೆಶನ್ ಬರೆಯೋದು ಇವಳಿಗೆ ನಾನೇ ಕಲಿಸಿದ್ದು,” ಅಂದ ಮಹೇಂದ್ರ. “ಒಂದು ವರ್ಷಕ್ಕೆ ನನ್ನನ್ನೇ ದಾಟಿ ಹೋದಳು. ಹೊರಗಿನ ಲ್ಯಾಬಿನವರು ಫೋನ್ ಮಾಡಿದ್ರೆ ನನ್ನ ಕೇಳಲ್ಲ, ಇವಳನ್ನ ಕೇಳ್ತಾರೆ. ಸುಳ್ಳು ಹೇಳ್ತಿಲ್ಲ.”

ಸುಳ್ಳು ಹೇಳುತ್ತಿಲ್ಲ ಎಂದು ನೀಲಕ್ಕನಿಗೂ ಅನ್ನಿಸಿತು. ಅವನ ಮುಖದಲ್ಲಿದ್ದ ಹೆಮ್ಮೆ ನಟನೆಯದಲ್ಲ. ಇದೊಳ್ಳೆ ಕಥೆಯಾಯಿತಲ್ಲ ಅಂದುಕೊಂಡಳು. ಸಿಕ್ಕವರೆಲ್ಲ ಒಳ್ಳೆಯವರಾದರೆ ಹಿಡಿಯುವುದು ಯಾರನ್ನ?

“ಆ ಸಾಲಿನ ವಿಚಾರ ಯಾರ್‍ಯಾರಿಗೆ ಗೊತ್ತು?”

“ನಮ್ಮಿಬ್ಬರಿಗೆ,” ಅಂದ ಮಹೇಂದ್ರ. “ಹೇಳಿ, ನನ್ನ ಮೇಲೆ ಅನುಮಾನಾನಾ?”

“ಇದೆ. ಇಲ್ಲ ಅಂದ್ರೆ ನಿಮ್ಗೂ ಬೇಜಾರಾಗ್ಬೋದು.”

ಅವನು ನಗಲಿಲ್ಲ. “ಈ ಲ್ಯಾಬು ನಿಂತಿರೋದು ಒಂದೇ ನಂಬಿಕೆ ಮೇಲೆ ಮೇಡಂ. ನಮ್ಮ ಅಂಕಿ ಸುಳ್ಳಾಗಲ್ಲ ಅಂತ. ಅದನ್ನ ನಾನೇ ಕೆಡಿಸ್ಕೊಂಡು ಏನ್ ಮಾಡ್ಲಿ? ಜೈನಾಬ್ ಹೊರಗೆ ಹೋದ್ರೆ ಜಾಗ ಸಿಗೋದು ಶಿಲ್ಪಂಗೆ. ವಿದ್ಯಾರಣ್ಯಪುರದ ಹುಡುಗಿ, ಅವಳೂ ಆಫ್‌ಸ್ಪಿನ್ನರ್ರೇ. ಅವಳದೂ ರೆಕಾರ್ಡಿಂಗ್ ಇಲ್ಲೇ ಇದೆ. ಮೊದ್ಲು ಆ ಕೈ ನೋಡಿ.”

ಮಾತು ಒಪ್ಪುವಂಥದೇ. ನೀಲಕ್ಕನ ಕಣ್ಣೂ ಆ ಕಡೆಗೇ ಇತ್ತು. ತೇಜಸ್ವಿನಿ ಶಿಲ್ಪಳ ನಿಂತ ಫೈಲು ತೆಗೆದಳು.

“ಇಪ್ಪತ್ತೇಳು. ಶಿಲ್ಪ ಅಲ್ಲ.”

“ಹಂಗಾದ್ರೆ ಇಲ್ಲಿಗ್ ಬಂದೋರೆಲ್ಲರ ಕೈನೂ ಅಳಿ,” ಅಂದಳು ನೀಲಕ್ಕ. “ಆಗ್ತದಾ?”

“ಆಗುತ್ತೆ ಅಕ್ಕ. ಆದ್ರೆ ಮೂವತ್ತೊಂದು ಸೆಂಟಿಮೀಟರ್ ತೋಳು ಬೇಕಾದಷ್ಟು ಜನಕ್ಕಿರುತ್ತೆ.” ತೇಜಸ್ವಿನಿ ಒಂದು ಗಳಿಗೆ ಕಣ್ಣು ಮುಚ್ಚಿದಳು. “ಮೊಣಕೈಯಿಂದ ಮಣಿಕಟ್ಟಿಗೂ ಒಂದು ಸಾಲು ಬರೀತೀನಿ. ತೋಳನ್ನ ಅದರಿಂದ ಭಾಗಿಸ್ತೀನಿ. ಉದ್ದಾನೂ ಒಂದೇ, ಪಾಲೂ ಒಂದೇ ಅಂದ್ರೆ ಆಗ ತುಂಬಾ ಜನ ಉಳಿಯಲ್ಲ.”

ಮಹೇಂದ್ರ ತಲೆದೂಗಿದ. ನೀಲಕ್ಕನೂ ದೂಗಿದಳು. ಕೇಸು ಯಾರ ಕಡೆ ವಾಲಿದರೂ ಸರಿ, ಆ ಕ್ಷಣಕ್ಕೆ ಇಬ್ಬರೂ ಅವಳ ಕಡೆಗಿದ್ದರು.

ಸಾಲು ಓಡುತ್ತಿದ್ದಾಗ ನೀಲಕ್ಕನ ಫೋನು ಗುನುಗಿತು. ಜೈನಾಬ್‌ಳ ತಂದೆ ಖಾದರ್ ಬಾಷಾ. ಆರ್.ಟಿ. ನಗರದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡು, ಮಗಳ ಬಿಳಿ ಪ್ಯಾಂಟುಗಳನ್ನು ತಾನೇ ಹೊಲಿಯುವ ಮನುಷ್ಯ.

“ನೀಲಕ್ಕ, ಏನಾಯ್ತು? ಗಂಟೆ ನಾಲ್ಕಾಗಿ ಹೋಯ್ತಲ್ಲ. ಕ್ಯಾಂಪಿನವ್ರು ಐದಕ್ಕೆ ಬಾಗಿಲು ಹಾಕ್ತಾರಂತೆ. ಬೇಟಿ ಬೆಳಗ್ಗಿಂದ ಏನೂ ತಿಂದಿಲ್ಲ.”

“ಆಯ್ತು ಬಾಷಾ ಅಣ್ಣ. ನಿಮ್ ಮಗಳ ಕೈಲಿ ದೋಷ ಇಲ್ಲ. ಅದು ಗೊತ್ತಾಗಿದೆ. ಇನ್ನೊಂಚೂರು ಬಾಕಿ.”

ಆ ಕಡೆಯಿಂದ ಮೂಗು ಎಳೆದುಕೊಂಡ ಸದ್ದು ಕೇಳಿಸಿತು. ನೀಲಕ್ಕ ಫೋನಿಟ್ಟು ತಿರುಗಿದಾಗ, ತೇಜಸ್ವಿನಿ ಅಲ್ಲಾಡದೆ ಕೂತಿದ್ದಳು.

ಸಾಲು ಓಡಿ ಮುಗಿದಿತ್ತು. ಪರದೆ ಅವಳ ಕಡೆ ಮಾತ್ರ ತಿರುಗಿತ್ತು. ಅವಳ ಬಲಗೈ ಮೌಸಿನ ಮೇಲಿತ್ತು. ಬೆರಳೊಂದನ್ನು ಒತ್ತಿದ್ದರೆ ಸಾಕು, ಪರದೆ ಮೇಲಿದ್ದದ್ದು ಮುಚ್ಚಿಹೋಗುತ್ತಿತ್ತು. ಯಾರೂ ಸಿಗಲಿಲ್ಲ ಅಂದಿದ್ದರೆ ನೀಲಕ್ಕ ನಂಬುತ್ತಿದ್ದಳು. ವರ್ಗಮೂಲ ಗೊತ್ತಿಲ್ಲದವಳು ನಂಬದೆ ಇನ್ನೇನು ಮಾಡಿಯಾಳು?

ತೇಜಸ್ವಿನಿ ಮೌಸಿನಿಂದ ಕೈ ತೆಗೆದಳು. ಎರಡೂ ಕೈಯಿಂದ ಪರದೆಯನ್ನು ಹಿಡಿದು ನೀಲಕ್ಕನ ಕಡೆ ತಿರುಗಿಸಿದಳು.

“ಒಬ್ರೇ ಸಿಕ್ಕಿದ್ದು ಅಕ್ಕ. ಈ ಕೈ ನನ್ದು.”

ನೀಲಕ್ಕ ಪರದೆಯ ಮೇಲಿನ ಹೆಸರನ್ನು ಎರಡು ಸಲ ಓದಿದಳು.

“ಲ್ಯಾಬು ಶುರುವಾದಾಗ ನನ್ನ ಲೆಕ್ಕ ಸರಿ ಇದೆಯಾ ಅಂತ ನೋಡೋಕೆ ನಾನೇ ಗುಂಡು ಅಂಟಿಸ್ಕೊಂಡು ಬೌಲ್ ಮಾಡಿದ್ದೆ. ಬೇಕೂಂತಲೇ ಕೈ ಬಾಗ್ಸಿ ಥ್ರೋ ಮಾಡಿದ್ದೆ, ಎಕ್ಸ್‌ಪ್ರೆಶನ್ ಅದನ್ನ ಹಿಡಿಯುತ್ತಾ ಅಂತ. ಹಿಡೀತು. ಅವತ್ತಿನ ಅಂಕಿ ಮರ್ತೇ ಹೋಗಿತ್ತು. ಪರದೆ ಮೇಲೆ ಬರೀ ಚುಕ್ಕಿ ಅಲ್ವಾ, ನನ್ನ ಕೈ ಅಂತ ನನಗೇ ಗುರುತು ಸಿಗ್ಲಿಲ್ಲ.”

“ಆ ರೆಕಾರ್ಡಿಂಗ್ ಎಲ್ಲಿತ್ತು?” ಮಹೇಂದ್ರ ಕೇಳಿದ. ಅವನ ದನಿ ಈಗಲೂ ಏರಲಿಲ್ಲ.

“ನನ್ನ ಫೋಲ್ಡರಲ್ಲಿ ಸರ್.”

“ಪಾಸ್‌ವರ್ಡು?”

“ನನಗೊಬ್ಬಳಿಗೇ ಗೊತ್ತು.”

ನೀಲಕ್ಕ ಅವಳ ಕಣ್ಣನ್ನೇ ನೋಡಿದಳು. “ಗೊತ್ತಿದ್ದೂ ಯಾಕಮ್ಮ ತೋರಿಸ್ದೆ? ಮುಚ್ಚಾಕ್ಬೋದಿತ್ತಲ್ಲ.”

“ಯಾರ ಕೈ ಅಂತ ತೋರಿಸ್ದೆ ಮುಚ್ಚಿದ್ರೆ ವರದಿ ಬೀಳಲ್ಲ, ಜೈನಾಬ್ ಕೈ ಸೊಟ್ಟ ಅಂತಲೇ ಉಳ್ಕೊಳ್ತಿತ್ತು. ಅಂಕಿ ಹೇಳಿದ್ದನ್ನ ನನಗೆ ಬೇಕಾದಾಗ ಮಾತ್ರ ಕೇಳೋಕಾಗುತ್ತಾ ಅಕ್ಕ?”

ಇವಳೇ ಮಾಡಿದ್ದಾಳೆ ಎಂದರೆ ನೀಲಕ್ಕನ ಮನಸ್ಸು ಒಪ್ಪದು. ಮಾಡಿಲ್ಲ ಎನ್ನಲು ಕೈಯಲ್ಲಿ ಒಂದೂ ಪುರಾವೆಯಿಲ್ಲ.

“ಈಗ ಕ್ಯಾಂಪಿನವ್ರಿಗೆ ಫೋನ್ ಮಾಡಿ ಡಾಕ್ಟ್ರೇ,” ಅಂದಳು. “ವರದಿ ತಪ್ಪು ಅಂತ ಯೋಳಿ. ಬೇಕಾದ್ರೆ ಜೈನಾಬ್‌ನ ಈಗ್ಲೇ ಇನ್ನೊಂದ್ಸಲ ಓಡ್ಸಿ ನೋಡಿ.”

“ಇಷ್ಟೆಲ್ಲ ಆದ್ಮೇಲೆ ಇದೇ ಲ್ಯಾಬಿನ ಹೊಸ ವರದೀನ ಯಾರು ತಗೋತಾರೆ ಮೇಡಂ? ಅನುಮಾನ ಇದೆ ಅಂತ ನಾನು ಬರೆದ್ರೆ ತನಿಖೆ ಅಂತಾರೆ, ತಿಂಗಳು ಹಿಡಿಯುತ್ತೆ. ಅಷ್ಟರಲ್ಲಿ ಕ್ಯಾಂಪೇ ಮುಗಿದಿರುತ್ತೆ.” ಮಹೇಂದ್ರ ಕಾರಿನ ಕೀಯನ್ನು ಮೇಜಿನ ಮೇಲಿಟ್ಟ. “ಒಂದೇ ದಾರಿ ಇರೋದು. ಸಹಿ ಹಾಕಿದವರೇ ಬರೆದುಕೊಡ್ಬೇಕು. ಇದು ಜೈನಾಬ್ ಕೈಯಲ್ಲ, ನನ್ನ ಕೈ, ನಾನೇ ಬದಲಾಯಿಸಿದ್ದು ಅಂತ. ಹಾಗೆ ಬಂದ್ರೆ ವರದಿ ಈ ಕ್ಷಣಕ್ಕೆ ಬಿದ್ದುಹೋಗುತ್ತೆ. ಹುಡುಗಿ ಐದಕ್ಕೆ ಒಳಗಿರ್ತಾಳೆ.”

“ಮತ್ತೆ ಇವಳು?”

“ಇವಳನ್ನ ಇನ್ಯಾವ ಲ್ಯಾಬೂ ಒಳಗೆ ಬಿಡಲ್ಲ. ನನಗೆ ಖುಷಿಯಿಂದ ಹೇಳೋ ಮಾತಲ್ಲ ಇದು.”

“ಮಾಡ್ದೇ ಇರೋದನ್ನ ಮಾಡ್ದೆ ಅಂತ ಬರ್ಕೊಡ್ಬೇಕಾ?”

“ಮಾಡಿಲ್ಲ ಅಂತ ನಿಮಗೆ ಹೇಗೆ ಗೊತ್ತು ಮೇಡಂ?”

ನೀಲಕ್ಕ ಪೊಲೀಸ್ ಕೆಲಸದಲ್ಲಿ ಎಷ್ಟೋ ಜನರ ಕೈಲಿ ತಪ್ಪೊಪ್ಪಿಗೆ ಬರೆಸಿಕೊಂಡಿದ್ದಳು. ಬರೆಯಬೇಡ ಎಂದು ಕೈ ಹಿಡಿಯಬೇಕೆನಿಸಿದ್ದು ಇದೇ ಮೊದಲು. ಹಿಡಿದರೆ ಹೊರಗಿನ ಹುಡುಗಿ ಮುಳುಗುತ್ತಾಳೆ, ಬಿಟ್ಟರೆ ಒಳಗಿನವಳು.

ತೆರೆದ ಬಾಗಿಲಿನಾಚೆ ಜೈನಾಬ್ ಬೆಂಚಿನ ಮೇಲೆ ಕೂತಿದ್ದಳು. ಕೈಯಲ್ಲಿ ಚೆಂಡು. ಬೆರಳುಗಳು ಅದನ್ನು ತಮ್ಮ ಪಾಡಿಗೆ ತಾವು ತಿರುಗಿಸುತ್ತಿದ್ದವು. ತೇಜಸ್ವಿನಿ ಆ ಕೈಯನ್ನೇ ತುಸು ಹೊತ್ತು ನೋಡಿದಳು. ಆಮೇಲೆ ಪ್ರಿಂಟರಿನಿಂದ ಒಂದು ಬಿಳಿ ಹಾಳೆ ಎಳೆದು ಮುಂದಿಟ್ಟುಕೊಂಡಳು. ಮೇಜಿನ ಮೇಲೆಲ್ಲ ತಡಕಾಡಿದಳು. ಎಲ್ಲ ಕೀಬೋರ್ಡಿನಲ್ಲೇ ನಡೆಯುವ ಆ ಲ್ಯಾಬಿನಲ್ಲಿ ಬರೆಯಲು ಒಂದು ಕಡ್ಡಿಯೂ ಸಿಗಲಿಲ್ಲ.

ಅವಳು ನೀಲಕ್ಕನತ್ತ ಕೈ ಚಾಚಿದಳು. ಚಾಚಿದ ಮೊಣಕೈ ನೆಟ್ಟಗೆ ನಿಂತಿತು, ಹಿಂದಕ್ಕೆ ಬಾಗಲಿಲ್ಲ.

“ಅಕ್ಕ, ನಿಮ್ಮ ಬ್ಯಾಗಲ್ಲಿ ಪೆನ್ನಿದೆಯಲ್ಲ. ಕೊಡಿ.”